ಬೂದಿದಿಬ್ಬ ಮತ್ತು ಪುಟ್ಟ ವಿಮಾನ

ಬಾದನಹಟ್ಟಿಯಲ್ಲಿ ನನ್ನ ಹಳೆಯ ಸ್ನೇಹಿತರೊಬ್ಬರಿದ್ದಾರೆ. ನಾಲ್ಕೆಕರೆ ಎರೆ ಹೊಲ, ಕಾಲುವೆ ನೀರು ಬಂದ ವರ್ಷ ಮೆಣಸಿನಕಾಯಿ, ಬಾರದ ವರ್ಷ ಜೋಳ, ಕಡಲೆ. ಮಗ ದ್ವಿತೀಯ ಪಿಯುಸಿ ವಿಜ್ಞಾನ, ಮಗಳು ಒಂಬತ್ತನೇ ತರಗತಿ. 2025ರ ನವೆಂಬರ್ ಕೊನೆಯ ವಾರ ಅವರ ಮನೆಗೆ ಹೋಗಿದ್ದೆ. ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಮಿರ್ಚಿ ಒಗ್ಗರಣೆ ತಿನ್ನುತ್ತಾ ಕುಳಿತಿದ್ದೆವು. ಆಕಾಶದಲ್ಲಿ ಒಂದು ಪುಟ್ಟ ವಿಮಾನ ತೋರಣಗಲ್ಲಿನ ದಿಕ್ಕಿಗೆ ಹೋಯಿತು. ಹೋಟೆಲಿನಲ್ಲಿದ್ದ ಹುಡುಗರೆಲ್ಲ ಹೊರಗೆ ಓಡಿದರು. ತೋರಣಗಲ್ಲಿನ ವಿದ್ಯಾನಗರದಲ್ಲಿ ಉಕ್ಕಿನ ಕಾರ್ಖಾನೆಯವರ ವಿಮಾನ ನಿಲ್ದಾಣವಿದೆ. ಇಂಥ ಸಣ್ಣ ವಿಮಾನಗಳು ಅಲ್ಲಿ ಬಂದಿಳಿಯುವುದು ಈ ಭಾಗದವರಿಗೆ ಹೊಸದೇನಲ್ಲ. ಆದರೂ ನೋಡುವ ಆಸೆ ತೀರುವುದಿಲ್ಲ.

“ಇದು ಎರಡು ಎಂಜಿನ್ನಿಂದು” ಎಂದ ಒಬ್ಬ. “ಅಲ್ಲಲೇ, ಒಂದೇ ಎಂಜಿನ್, ಸದ್ದು ಕೇಳು” ಎಂದ ಇನ್ನೊಬ್ಬ. ಕ್ರಿಕೆಟ್ ಸ್ಕೋರಿನ ಹಾಗೆ ವಿಮಾನದ ಜಾತಿ ಕುಲ ಹೇಳುವ ನಾಲ್ಕೈದು ಹುಡುಗರು ಆ ಊರಿನಲ್ಲಿದ್ದಾರೆಂದು ನನಗೆ ಅಂದೇ ಗೊತ್ತಾದದ್ದು. ಅವರ ನಾಯಕ ನನ್ನ ಸ್ನೇಹಿತರ ಮಗ.

ಸ್ನೇಹಿತರ ಮುಖ ಮಾತ್ರ ಸಪ್ಪಗಿತ್ತು. “ಮೇಷ್ಟ್ರೇ, ಇವನಿಗೆ ಪೈಲಟ್ ಆಗೋ ಹುಚ್ಚು ಹಿಡಿದೈತೆ. ಯಾರೋ ಒಬ್ಬ ಬಂದು ಬಣ್ಣಬಣ್ಣದ ಪುಸ್ತಕ ತೋರಿಸಿ ಹೋಗ್ಯಾನೆ. ಎರಡೆಕರೆ ಮಾರಿ ಮುಂಗಡ ಕಟ್ಟಿರಿ, ಉಳಿದಿದ್ದಕ್ಕೆ ಬ್ಯಾಂಕ್ ಸಾಲ ಕೊಡಿಸ್ತೀನಿ ಅಂತಾನೆ. ಮಗ ಮೂರು ದಿನದಿಂದ ನನ್ನ ಸಂಗಡ ಮಾತಾಡಿಲ್ಲ. ನೀವೇ ಏನಾರ ಹೇಳ್ರಿ” ಎಂದರು.

ಓದುಗ ಮಿತ್ರರೇ, ಈ ಮಾತು ಬಾದನಹಟ್ಟಿಯ ಒಂದು ಮನೆಯದಷ್ಟೇ ಅಲ್ಲ. ಡಾಕ್ಟರು, ಎಂಜಿನಿಯರು, ಪೈಲಟ್ ಎಂದು ಹೆಸರು ಮಾತ್ರ ಬದಲಾಗುತ್ತದೆ. ಹೊಲವೋ ಮಗನ ಕನಸೋ ಎಂಬ ಪ್ರಶ್ನೆ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕುಳಿತಿದೆ. ನಾನು ಆ ಹೊತ್ತು ಉಪದೇಶ ಮಾಡಲಿಲ್ಲ. ಉಪದೇಶ ಕೇಳಿ ಬದಲಾದ ಹುಡುಗನನ್ನು ಮೂವತ್ತು ವರ್ಷದ ಮಾಸ್ತರಿಕೆಯಲ್ಲಿ ನಾನು ನೋಡಿಲ್ಲ. “ನಮ್ಮ ಬಳ್ಳಾರಿಗೆ ಮೊದಲ ಟಪಾಲು ವಿಮಾನ ಬಂದದ್ದು ಯಾವಾಗ ಗೊತ್ತೇನಪ್ಪಾ?” ಎಂದು ಹುಡುಗನನ್ನು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಮೂರು ದಿನದ ಮೌನ ಮುರಿದು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತ.

1932ರ ಅಕ್ಟೋಬರ್ 15. ಆ ದಿನ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಎಂಬ 28 ವರ್ಷದ ಯುವಕ ಕರಾಚಿಯಿಂದ ‘ಪಸ್ ಮಾತ್’ ಎಂಬ ಪುಟ್ಟ ವಿಮಾನವನ್ನು ಒಬ್ಬರೇ ಹಾರಿಸಿಕೊಂಡು ಹೊರಟರು. ಲಂಡನ್ನಿನಿಂದ ಕರಾಚಿಯವರೆಗೆ ಬೇರೆ ಕಂಪನಿಯ ವಿಮಾನ ಟಪಾಲು ತರುತ್ತಿತ್ತು. ಅಲ್ಲಿಂದ ಮುಂದೆ ಅದನ್ನು ದಕ್ಷಿಣಕ್ಕೆ ಮುಟ್ಟಿಸುವ ಕೆಲಸವನ್ನು ಟಾಟಾ ಕಂಪನಿ ವಹಿಸಿಕೊಂಡಿತ್ತು. ದಾರಿಯಲ್ಲಿ ಅಹಮದಾಬಾದಿನಲ್ಲಿ ಪೆಟ್ರೋಲು ತುಂಬಬೇಕು. ಆ ಪೆಟ್ರೋಲಿನ ಡಬ್ಬಿಗಳು ವಿಮಾನದ ಹತ್ತಿರಕ್ಕೆ ಬಂದದ್ದು ಎತ್ತಿನ ಗಾಡಿಯಲ್ಲಿ! ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಅವರು ಇಳಿದರು. ಅಲ್ಲಿ ಟಪಾಲಿನ ಚೀಲಗಳನ್ನು ವಹಿಸಿಕೊಂಡವರು ನೆವಿಲ್ ವಿನ್ಸೆಂಟ್. ಬ್ರಿಟಿಷ್ ವಾಯುಪಡೆಯಲ್ಲಿ ಕೆಲಸ ಮಾಡಿದ್ದವರು, ಟಾಟಾ ಅವರಿಗೆ ಈ ವಿಮಾನ ಟಪಾಲಿನ ಯೋಚನೆಯನ್ನು ತಲೆಗೆ ತುಂಬಿದವರು. ಅವರು ಮುಂಬಯಿಯಿಂದ ಹೊರಟು ಆ ರಾತ್ರಿ ತಂಗಿದ ಊರು ಯಾವುದು? ನಮ್ಮ ಬಳ್ಳಾರಿ. ಮರುದಿನ, 16ರಂದು, ಬಳ್ಳಾರಿಯಿಂದ ಹೊರಟು ಮದರಾಸು ಮುಟ್ಟಿದರು.

ಇವತ್ತಿನ ಏರ್ ಇಂಡಿಯಾದ ಮೂಲ ಈ ಪ್ರಯಾಣವೇ. ಟಾಟಾ ಏರ್‌ಲೈನ್ಸ್ 1946ರಲ್ಲಿ ಏರ್ ಇಂಡಿಯಾ ಆಯಿತು, 1953ರಲ್ಲಿ ಸರ್ಕಾರದ ಪಾಲಾಯಿತು, 2022ರ ಜನವರಿಯಲ್ಲಿ ಮತ್ತೆ ಟಾಟಾ ಕೈಗೆ ಬಂತು. ಇಷ್ಟು ದೊಡ್ಡ ಕಥೆಯ ಮೊದಲ ರಾತ್ರಿ ಕಳೆದದ್ದು ನಮ್ಮ ಬಳ್ಳಾರಿಯಲ್ಲಿ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಕೆಲಕಾಲದ ಮೇಲೆ ಟಪಾಲಿನ ಮಾರ್ಗ ಹೈದರಾಬಾದಿನ ಕಡೆಗೆ ತಿರುಗಿತು, ಬಳ್ಳಾರಿಯ ಹೆಸರು ಹಿಂದೆ ಬಿತ್ತು.

“ಯಾಕೆ ಸಾರ್ ಬಳ್ಳಾರಿಯಲ್ಲಿ ನಿಂತರು? ಸೀದಾ ಮದರಾಸಿಗೆ ಹೋಗಬಾರದಿತ್ತಾ?” ಎಂದಳು ತಂಗಿ. ಅವಳು ಯಾವಾಗ ಬಂದು ನಿಂತಿದ್ದಳೋ ನಾನು ನೋಡಿರಲಿಲ್ಲ. ಒಳ್ಳೆಯ ಪ್ರಶ್ನೆ. ಪಸ್ ಮಾತ್‌ನ ಎಂಜಿನ್ನಿಗೆ ಸುಮಾರು 120 ಅಶ್ವಶಕ್ತಿ. ಅಂದರೆ ನಮ್ಮ ಹೊಲದ ಟ್ರ್ಯಾಕ್ಟರು ಎರಡೋ ಮೂರೋ ಕೂಡಿಸಿದಷ್ಟು. ವೇಗ ಗಂಟೆಗೆ ಸುಮಾರು 160 ಕಿಲೋಮೀಟರ್. ಮುಂಬಯಿಯಿಂದ ಬಳ್ಳಾರಿಗೆ ಆಕಾಶದಾರಿ ಸುಮಾರು 600 ಕಿಲೋಮೀಟರ್, ನಾಲ್ಕು ಗಂಟೆಯ ಹಾದಿ. ಅಷ್ಟರಲ್ಲಿ ಹೊತ್ತು ಮುಳುಗುತ್ತದೆ. ವಿಮಾನದಲ್ಲಿ ರೇಡಿಯೋ ಇಲ್ಲ, ಕೆಳಗೆ ದೀಪವಿಲ್ಲ. ಹೊಳೆ, ಗುಡ್ಡ, ರೈಲು ಹಳಿ ನೋಡಿಕೊಂಡು ದಾರಿ ಹಿಡಿಯಬೇಕು. ಕತ್ತಲಾದರೆ ದಾರಿಯೇ ಇಲ್ಲ. ನಮ್ಮ ಬಳ್ಳಾರಿಯ ಬಯಲಿನಲ್ಲಿ ಎದ್ದು ನಿಂತ ಕಲ್ಲುಗುಡ್ಡಗಳು ಮೇಲಿನಿಂದ ನೋಡುವವನಿಗೆ ಎಂಥ ಗುರುತು ಎಂಬುದನ್ನು ಯೋಚಿಸಿ. ಕುರುಗೋಡಿನ ಗುಡ್ಡ, ಬಳ್ಳಾರಿಯ ಕೋಟೆಗುಡ್ಡ, ಆಚೆ ಸಂಡೂರಿನ ಬೆಟ್ಟಸಾಲು.

ಹುಡುಗ ಮೆಲ್ಲಗೆ ಹೇಳಿದ: “ಸಾರ್, ಅಮೆರಿಕದಾಗೆ ಸಣ್ಣ ವಿಮಾನ ಇಟ್ಟುಕೊಂಡವರು ಮರುಭೂಮಿಯ ಜ್ವಾಲಾಮುಖಿಗಳ ಮೇಲೆ ಹಾರ್ತಾರೆ. ಕಪ್ಪು ಲಾವಾ, ಬೂದಿ ಗುಡ್ಡ, ಬಾಯಿ ತೆರೆದ ಬೆಟ್ಟ. ನಾನು ಫೋನಿನಾಗೆ ನೋಡೀನಿ. ನಮ್ಮ ಕಡೆ ಏನೈತಿ ಸಾರ್ ಮೇಲಿಂದ ನೋಡೋಕೆ? ಬರೀ ಎರೆ ಹೊಲ, ಬಂಡೆ.”

ಅಷ್ಟರಲ್ಲಿ ತಂಗಿ ತನ್ನ ಸಂಶಯ ತೆಗೆದಳು. “ಎರೆ ಮಣ್ಣು ಲಾವಾರಸದಿಂದ ಆಗಿದ್ದು ಅಂತ ನಮ್ಮ ಪುಸ್ತಕದಾಗೆ ಐತೆ. ಹಂಗಾದರೆ ನಮ್ಮ ಊರಾಗೆ ಜ್ವಾಲಾಮುಖಿ ಎಲ್ಲೈತೆ?”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಭಾನುವಾರ. “ನಡೀರಿ, ಜ್ವಾಲಾಮುಖಿ ಹುಡುಕೋಣ” ಎಂದು ನಾಲ್ವರೂ ಎರಡು ಬೈಕಿನಲ್ಲಿ ಹೊರಟೆವು. ಅಪ್ಪ ಒಲ್ಲದ ಮನಸ್ಸಿನಿಂದಲೇ ಬಂದರು.

ಮೊದಲು ಹೊಲದ ಬದುವಿನಲ್ಲೇ ನಿಲ್ಲಿಸಿದೆ. ತಂಗಿಯ ಪ್ರಶ್ನೆಗೆ ಉತ್ತರ ಹೇಳಬೇಕಿತ್ತು. ದಖನ್ನಿನ ಲಾವಾ ಹರಿದದ್ದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆ ಆ ಕಪ್ಪು ಶಿಲೆ ಇದೆ, ಅಲ್ಲಿಯ ಎರೆ ಮಣ್ಣಿನ ಬಹುಭಾಗಕ್ಕೆ ಅದೇ ತಾಯಿ. ಆದರೆ ಆ ಲಾವಾ ಬಳ್ಳಾರಿಯವರೆಗೆ ಬಂದು ನಿಂತಿಲ್ಲ. ನಮ್ಮಲ್ಲಿ ಎರೆ ಮಣ್ಣಿನ ಕೆಳಗೆ ಇರುವುದು ಗ್ರಾನೈಟಿನ ಜಾತಿಯ ಹಳೆಯ ಕಲ್ಲು. ಮಳೆ ಕಡಿಮೆ, ಬಿಸಿಲು ಹೆಚ್ಚು, ನೆಲ ಸಮತಟ್ಟು, ನೀರು ಹರಿದುಹೋಗದೆ ನಿಲ್ಲುತ್ತದೆ. ಇಂಥ ಕಡೆ ಕಲ್ಲು ಸವೆದು, ನೀರು ಕುಡಿದರೆ ಉಬ್ಬುವ, ಒಣಗಿದರೆ ಬಾಯಿ ಬಿಡುವ ಜೇಡಿಯಾಗುತ್ತದೆ. ಪಾಠದ ಪುಸ್ತಕ ಸುಳ್ಳಲ್ಲ, ಅದು ದೇಶಕ್ಕೆಲ್ಲ ಸೇರಿ ಬರೆದದ್ದು. ನಮ್ಮ ಹೊಲಕ್ಕೆ ಅದನ್ನು ಹೊಂದಿಸಿ ನೋಡಬೇಕಾದವರು ನಾವು.

ಮೇಲೆ ಒಂದು ಹದ್ದು ರೆಕ್ಕೆ ಬಡಿಯದೆ ಸುತ್ತು ಹಾಕುತ್ತಿತ್ತು. ಅದನ್ನು ಹುಡುಗನಿಗೆ ತೋರಿಸಿದೆ. ಕಪ್ಪು ನೆಲ ಬಿಸಿಲನ್ನು ಹೆಚ್ಚು ಹೀರುತ್ತದೆ. ಅದರ ಮೇಲಿನ ಗಾಳಿ ಕಾದು ಹಗುರಾಗಿ ಮೇಲೇಳುತ್ತದೆ. ಹದ್ದಿಗೆ ಅದು ಪುಕ್ಕಟೆ ಏಣಿ. ಬೇಸಿಗೆಯಲ್ಲಿ ಧೂಳೆಬ್ಬಿಸಿ ತಿರುಗುವ ಸುಳಿಗಾಳಿ, ದೆವ್ವ ಎಂದು ನಾವು ಹೆದರುತ್ತಿದ್ದದ್ದು, ಅದೇ ಗಾಳಿಯ ಮರಿ. ಆದರೆ ಪುಟ್ಟ ವಿಮಾನಕ್ಕೆ ಈ ಗಾಳಿ ಹೊಂಡ ಬಿದ್ದ ರಸ್ತೆಯಿದ್ದಂತೆ. ಒಂದು ಹೊಲದ ಮೇಲೆ ಎತ್ತುತ್ತದೆ, ಪಕ್ಕದ ಕಾಲುವೆಯ ಮೇಲೆ ಇಳಿಸುತ್ತದೆ. ಜೊತೆಗೆ ಕಾದ ಗಾಳಿ ತೆಳುವಾಗುವುದರಿಂದ ರೆಕ್ಕೆಗೆ ಆಸರೆ ಕಡಿಮೆ, ಎಂಜಿನ್ನಿಗೂ ಉಸಿರು ಕಡಿಮೆ, ನೆಲ ಬಿಟ್ಟೇಳಲು ಹೆಚ್ಚು ದೂರ ಓಡಬೇಕು. ಕಪ್ಪು ಲಾವಾದ ಮರುಭೂಮಿಯ ಮೇಲೆ ಹಾರುವ ಜಾಣರು ಬೆಳಗಿನ ತಂಪಿನಲ್ಲೇ ಹಾರಾಟ ಮುಗಿಸುವುದು ಇದಕ್ಕೇ. ನಮ್ಮ ರೈತರು ಬೇಸಿಗೆಯಲ್ಲಿ ಬೆಳಗಿನ ಜಾವ ನೇಗಿಲು ಹೂಡುವುದಕ್ಕೂ ಇದಕ್ಕೂ ಕಾರಣ ಒಂದೇ, ಬಿಸಿಲು. “ಹದ್ದಿಗೆ ಇಷ್ಟು ಲೆಕ್ಕ ಗೊತ್ತಾ?” ಎಂದರು ಅಪ್ಪ. ಅವರು ಅಂದು ಆಡಿದ ಮೊದಲ ಮಾತು ಅದು.

ಮುಂದೆ ಹೋದದ್ದು ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಕ್ಕೆ. ಬೂದುಗೆಂಪು ಗ್ರಾನೈಟ್ ಗುಂಡುಗಳ ನಡುವೆ ಕರೀ ಕಲ್ಲಿನ ಒಂದು ಪಟ್ಟಿ, ಯಾರೋ ಗುಡ್ಡಕ್ಕೆ ಕಾಡಿಗೆ ಗೆರೆ ಎಳೆದ ಹಾಗೆ, ಮೇಲಿನಿಂದ ಕೆಳಕ್ಕೆ ಇಳಿದಿದೆ. “ಇದೇ ನಿನ್ನ ಜ್ವಾಲಾಮುಖಿಯ ಸಂಬಂಧಿಕ” ಎಂದೆ. ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಗಟ್ಟಿಯಾದ ಮೇಲೆ ಬಿರುಕು ಬಿಟ್ಟಿತು. ಆ ಬಿರುಕಿನಲ್ಲಿ ಭೂಮಿಯ ಆಳದಿಂದ ಕರಗಿದ ಶಿಲಾರಸ ಮೇಲೇರಿ, ಅಲ್ಲೇ ತಣ್ಣಗಾಗಿ ಕಲ್ಲಾಯಿತು. ಅದಕ್ಕೆ ಡಾಲರೈಟ್ ಎಂದು ಹೆಸರು, ಇಂಥ ಗೋಡೆಗೆ ‘ಡೈಕ್’ ಎನ್ನುತ್ತಾರೆ. ಮೇಲಿನಿಂದ ನೋಡಿದರೆ ಇಂಥ ಕರೀ ಗೆರೆಗಳು ಬಯಲಿನುದ್ದಕ್ಕೂ ಮೈಲಿಗಟ್ಟಲೆ ಓಡುವುದು ಕಾಣುತ್ತದೆ. ನೆಲದ ಮೇಲೆ ನಿಂತವನಿಗೆ ಅದು ಕಲ್ಲು, ವಿಮಾನದಲ್ಲಿ ಕುಳಿತವನಿಗೆ ಅದು ನಕ್ಷೆ. ಭೂವಿಜ್ಞಾನಿಗಳಿಗೆ ವಿಮಾನದ ಚಿತ್ರ, ಈಗ ಉಪಗ್ರಹದ ಚಿತ್ರ ಅಷ್ಟು ಮುಖ್ಯವಾಗಿರುವುದು ಇದರಿಂದಲೇ.

ವಿಮಾನವಿಲ್ಲದ ಕಾಲದಲ್ಲೇ ಈ ನಕ್ಷೆಯನ್ನು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಬರೆದ ಒಬ್ಬ ಪುಣ್ಯಾತ್ಮ ಇದ್ದ. ರಾಬರ್ಟ್ ಬ್ರೂಸ್ ಫೂಟ್. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದವರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರು. ಬಳ್ಳಾರಿ ಜಿಲ್ಲೆಯ ಭೂವಿವರವನ್ನು ಒಂದು ದೊಡ್ಡ ಗ್ರಂಥವಾಗಿ ಬರೆದವರೂ ಅವರೇ. ಈ ಕರೀ ಕಲ್ಲಿನಿಂದ ಹೊಸ ಶಿಲಾಯುಗದ ಜನ ಕೊಡಲಿ ಮಾಡುತ್ತಿದ್ದ ಜಾಗವನ್ನು ಅವರು ಗುರುತಿಸಿದರು. ಅದೇ ಕರೀ ಬಂಡೆಗಳ ಮೇಲೆ ಆ ಜನ ಕೆತ್ತಿದ ಉದ್ದ ಕೊಂಬಿನ, ಡುಬ್ಬದ ಗೂಳಿಗಳ ಚಿತ್ರಗಳು 1892ರಲ್ಲಿ ಲೋಕಕ್ಕೆ ತಿಳಿದವು. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯ ನಾದ ಬರುತ್ತದೆ. ತಟ್ಟಿ ತಟ್ಟಿ ಬಿದ್ದ ಕುಳಿಗಳು ಇನ್ನೂ ಇವೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ಯಾರೋ ಹಬ್ಬ ಮಾಡಿದ್ದಾರೆ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ಗುಡ್ಡದ ಕಲ್ಲಿಗೆ ಇಂದಿನ ಮನುಷ್ಯನೂ ಬಾಯಿ ಹಾಕಿದ್ದಾನೆ. ಕಲ್ಲುಗಣಿಯಿಂದ ಚಿತ್ರಗಳಿಗೆ ಅಪಾಯವಿದೆ ಎಂದು ಸಂಶೋಧಕರು 2000ದ ದಶಕದಲ್ಲೇ ಎಚ್ಚರಿಸಿದ್ದರು. ಒಡೆದ ಚಿತ್ರವನ್ನು ಮತ್ತೆ ಜೋಡಿಸಲಾಗದು. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ. ಶಾಲೆಯ ಪ್ರವಾಸವೆಂದರೆ ದೂರದ ಊರೇ ಆಗಬೇಕೆಂದಿಲ್ಲ. ಮಕ್ಕಳನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ, ಆಮೇಲೆ ಗುಡ್ಡಕ್ಕೆ. ನೋಡಿ ಬಂದ ಮಕ್ಕಳಿರುವ ಊರಿನಲ್ಲಿ ಗುಡ್ಡ ಒಡೆಯುವವನಿಗೆ ಸ್ವಲ್ಪವಾದರೂ ಅಳುಕಿರುತ್ತದೆ.

ಮಧ್ಯಾಹ್ನ ಕುಡತಿನಿಗೆ ಬಂದೆವು. ದೂರದಲ್ಲಿ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಚಿಮಣಿಗಳು. ಅಲ್ಲಿ ಕಲ್ಲಿದ್ದಲು ಸುಟ್ಟು ಉಳಿಯುವುದು ಹಾರುಬೂದಿ. ನಾವು ನೋಡಹೋದದ್ದು ಬೇರೆಯೇ ಬೂದಿ. ಹೊಸಪೇಟೆಯ ದಾರಿಯಲ್ಲಿ ಒಂದು ಹಳೆಯ ದಿಬ್ಬವಿದೆ. ಬೂದಿಗುಂಟೆ ಎಂಬ ಹೆಸರೇ ಅದಕ್ಕೆ. ಬೂದಿ ಬಣ್ಣದ ಮಣ್ಣು, ನಡುನಡುವೆ ತೂತು ತೂತಾದ, ಗಾಜಿನಂತೆ ಕರಗಿ ಗಟ್ಟಿಯಾದ ಹಗುರ ಗಟ್ಟಿಗಳು. ಹುಡುಗನ ಕಣ್ಣು ಅರಳಿತು. “ಸಾರ್, ಇದು ಲಾವಾನೇ! ಫೋನಿನಾಗೆ ನೋಡಿದ್ದು ಹಿಂಗೇ ಇತ್ತು!”

ಅವನದೇನೂ ದಡ್ಡತನವಲ್ಲ. ದೊಡ್ಡ ದೊಡ್ಡವರೇ ಇಲ್ಲಿ ತಲೆ ಕೆರೆದುಕೊಂಡಿದ್ದಾರೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಜನ ಹೇಳಿಕೊಂಡು ಬಂದರು. ಹಂಪಿಯ ಆಚೆ ನಿಂಬಾಪುರದ ಇಂಥದ್ದೇ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ನ್ಯೂಬೋಲ್ಡ್ ಎಂಬ ಸೇನಾಧಿಕಾರಿ 1843ರಲ್ಲಿ ಈ ದಿಬ್ಬಗಳ ಬಗ್ಗೆ ಲೇಖನವನ್ನೇ ಬರೆದ. ಜ್ವಾಲಾಮುಖಿಯೋ, ಕುಲುಮೆಯೋ, ಚಿತೆಯೋ ಎಂಬ ಚರ್ಚೆ ನೂರು ವರ್ಷಕ್ಕೂ ಮೀರಿ ನಡೆಯಿತು.

ಸ್ನೇಹಿತರು ಕೆಳಗೆ ಕೂತು ಒಂದು ಗಟ್ಟಿಯನ್ನು ಮುಟ್ಟಿ ನೋಡಿದರು, ಮೂಸಿದರು. ನಿಧಾನವಾಗಿ ಹೇಳಿದರು: “ಇದು ಸೆಗಣಿ ಬೂದಿ ಮೇಷ್ಟ್ರೇ. ನಮ್ಮ ಅಪ್ಪನ ಕಾಲಕ್ಕೆ ಕುಳ್ಳಿನ ಬಣವೆಗೆ ಬೆಂಕಿ ಬಿದ್ದು ಎಂಟು ದಿನ ಒಳಗೇ ಉರಿದಿತ್ತು. ಆರಿದ ಮ್ಯಾಲೆ ಅಡಿಯಾಗೆ ಹಿಂಗೇ ಗಟ್ಟಿ ಕಟ್ಟಿತ್ತು.”

ಮಕ್ಕಳಿಬ್ಬರೂ ನನ್ನ ಮುಖ ನೋಡಿದರು. ಅಪ್ಪ ಹೇಳಿದ್ದು ಸರಿ. ದನದ ದೊಡ್ಡಿಯಲ್ಲಿ ವರ್ಷಗಟ್ಟಲೆ ಬಿದ್ದ ಸೆಗಣಿಯನ್ನು ಹೊಸ ಶಿಲಾಯುಗದ ದನಗಾಹಿಗಳು ಮತ್ತೆ ಮತ್ತೆ ಸುಟ್ಟದ್ದರಿಂದ ಈ ದಿಬ್ಬಗಳಾದವು. ಹುಲ್ಲಿನಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ, ಇರುತ್ತದೆ. ದನ ತಿಂದರೂ ಅದು ಕರಗದೆ ಸೆಗಣಿಯಲ್ಲಿ ಉಳಿಯುತ್ತದೆ. ದೊಡ್ಡ ರಾಶಿ ಒಳಗೊಳಗೇ ಕಾದಾಗ ಅದು ಗಾಜಿನಂತೆ ಕರಗುತ್ತದೆ. ಜ್ಯೂನರ್ ಎಂಬ ವಿಜ್ಞಾನಿ ಇದೇ ಕುಡತಿನಿಯ ಬೂದಿಯನ್ನು ಪರೀಕ್ಷೆ ಮಾಡಿ, ಇದು ಸೆಗಣಿಯೇ ಎಂದು 1960ರಲ್ಲಿ ಪ್ರಕಟಿಸಿದರು. ಆಲ್ಚಿನ್ ಎಂಬ ಪುರಾತತ್ವಜ್ಞರು ಉಟ್ನೂರಿನಲ್ಲಿ ಅಗೆದು, ದನಗಳ ಗೊರಸಿನ ಗುರುತನ್ನೇ ಕಂಡು, 1963ರಲ್ಲಿ ದಕ್ಷಿಣದ ದನಗಾಹಿಗಳ ಬಗ್ಗೆ ಪುಸ್ತಕ ಬರೆದರು. ಏಕೆ ಸುಡುತ್ತಿದ್ದರು, ಹಬ್ಬಕ್ಕೋ ರೋಗಕ್ಕೋ ಎಂಬ ವಾದ ಇನ್ನೂ ಮುಗಿದಿಲ್ಲ. ನಾವು ಇವತ್ತು ಊರಿಗೆ ಹಟ್ಟಿ ಎನ್ನುತ್ತೇವೆ, ದನ ಕಟ್ಟುವ ಜಾಗಕ್ಕೂ ಹಟ್ಟಿ ಎನ್ನುತ್ತೇವೆ. ಆ ಮಾತಿನ ಹಿಂದೆ ಎಷ್ಟು ಹಳೆಯ ಬದುಕಿದೆ ನೋಡಿ.

ಬೂದಿಯ ಮಾತು ಬಂದಾಗ ಹುಡುಗನಿಗೆ ಅದೇ ವಾರದ ಸುದ್ದಿ ನೆನಪಾಯಿತು. 2025ರ ನವೆಂಬರ್ 23ರಂದು ಇಥಿಯೋಪಿಯಾದ ಅಫಾರ್ ಮರುಭೂಮಿಯಲ್ಲಿ ಹೈಲಿ ಗುಬ್ಬಿ ಎಂಬ ಜ್ವಾಲಾಮುಖಿ ಸಿಡಿಯಿತು. ಹಿಂದೆ ಸಿಡಿದದ್ದನ್ನು ಯಾರೂ ಬರೆದಿಟ್ಟಿರದ ಬೆಟ್ಟ. ಅದರ ಬೂದಿ ಕೆಂಪು ಸಮುದ್ರ ದಾಟಿ, ಅರಬ್ ನಾಡು ದಾಟಿ, ಮರುದಿನ ರಾತ್ರಿಗೆ ದೆಹಲಿಯ ಆಕಾಶಕ್ಕೇ ಬಂತು. ಏರ್ ಇಂಡಿಯಾ ಕೆಲವು ವಿಮಾನಗಳನ್ನು ನಿಲ್ಲಿಸಿ ಪರೀಕ್ಷೆ ಮಾಡಿಸಿತು. “ಬೂದಿಗೆ ಅಷ್ಟು ಹೆದರೋದ್ಯಾಕೆ? ಒಲೆ ಬೂದಿ ಊದಿದರೆ ಹಾರಿ ಹೋಗತೈತಲ್ಲ” ಎಂದಳು ತಂಗಿ. ಜ್ವಾಲಾಮುಖಿಯ ಬೂದಿ ಒಲೆಯ ಬೂದಿಯಲ್ಲ ತಾಯಿ, ಅದು ಕಲ್ಲಿನ ಮತ್ತು ಗಾಜಿನ ಚೂರು. ಜೆಟ್ ಎಂಜಿನ್ನಿನ ಕಾವಿಗೆ ಅದು ಕರಗಿ, ಒಳಗಿನ ಅಲಗುಗಳಿಗೆ ಅಂಟಿ, ಗಾಳಿಯ ದಾರಿ ಕಟ್ಟುತ್ತದೆ. ನಿನ್ನ ಅಪ್ಪ ತೋರಿಸಿದ ಗಟ್ಟಿಯ ಹಾಗೆಯೇ. 1982ರ ಜೂನ್‌ನಲ್ಲಿ ಇಂಡೋನೇಷ್ಯಾದ ಮೇಲೆ ಒಂದು ದೊಡ್ಡ ವಿಮಾನ ಇಂಥ ಬೂದಿಯಲ್ಲಿ ಹೊಕ್ಕು, ನಾಲ್ಕೂ ಎಂಜಿನ್ ನಿಂತುಹೋದವು. ಬೂದಿಯಿಂದ ಹೊರಬಿದ್ದ ಮೇಲೆ ಎಂಜಿನ್ನುಗಳು ಮತ್ತೆ ಹತ್ತಿಕೊಂಡವು, ಒಳಗಿದ್ದವರೆಲ್ಲ ಬದುಕಿದರು. ಆ ಪೈಲಟ್ಟುಗಳನ್ನು ಉಳಿಸಿದ್ದು ಧೈರ್ಯವೊಂದೇ ಅಲ್ಲ, ಓದು ಮತ್ತು ಅಭ್ಯಾಸ.

ಬೇವಿನ ಮರದ ಕೆಳಗೆ ರೊಟ್ಟಿ ಬುತ್ತಿ ಬಿಚ್ಚಿದೆವು. ಆಗ ಮನೆಯ ಮಾತು ತೆಗೆದೆ. ಪೋಷಕರಿಗೂ ವಿದ್ಯಾರ್ಥಿಗಳಿಗೂ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿಮಾನ ಹಾರಿಸುವುದು ಬೇರೆ, ಅದರಿಂದ ಸಂಬಳ ಪಡೆಯುವುದು ಬೇರೆ. ಸ್ವಂತ ಸಂತೋಷಕ್ಕೆ ಹಾರಿಸುವ ಖಾಸಗಿ ಪರವಾನಗಿಗೆ 17 ವರ್ಷ ತುಂಬಿರಬೇಕು, ಕನಿಷ್ಠ 40 ಗಂಟೆಯ ಹಾರಾಟ ಬೇಕು. ಉದ್ಯೋಗಕ್ಕೆ ಬೇಕಾದ ವಾಣಿಜ್ಯ ಪರವಾನಗಿಗೆ 18 ವರ್ಷ, 200 ಗಂಟೆ. ಈ ಗಂಟೆಗಳೇ ದುಡ್ಡು ನುಂಗುವುದು. ಒಟ್ಟು ಖರ್ಚು ಅರ್ಧ ಕೋಟಿಯ ಆಸುಪಾಸಿಗೆ ಹೋಗಿ ನಿಲ್ಲುತ್ತದೆ. ಅದರ ಮೇಲೆ ದೊಡ್ಡ ವಿಮಾನದ ತರಬೇತಿಗೆ ಮತ್ತೆ ಬೇರೆ. ಇಷ್ಟೆಲ್ಲ ಆದಮೇಲೂ ಕೆಲಸ ಕಾದು ಕುಳಿತಿರುವುದಿಲ್ಲ. ಬಣ್ಣದ ಪುಸ್ತಕದಲ್ಲಿ ಈ ಕೊನೆಯ ಸಾಲು ಇರುವುದಿಲ್ಲ.

ಆದ್ದರಿಂದ ಒಂದು ರೂಪಾಯಿ ಕಟ್ಟುವ ಮೊದಲು ವಿಮಾನಯಾನ ಮಹಾನಿರ್ದೇಶನಾಲಯ ಒಪ್ಪಿದ ವೈದ್ಯರಲ್ಲಿ ಮಗನ ಪರೀಕ್ಷೆ ಮಾಡಿಸಿ. ಕಣ್ಣು, ಕಿವಿ, ಬಣ್ಣ ಗುರುತಿಸುವ ಶಕ್ತಿ, ಇವುಗಳಲ್ಲಿ ಕೊರತೆಯಿದ್ದರೆ ಹೊಲ ಮಾರಿಯಾದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಲೇಸು. ಎರಡನೆಯದು, ತರಬೇತಿ ಶಾಲೆಗೆ ಅನುಮತಿ ಇದೆಯೇ, ಅಲ್ಲಿ ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಹಿಂದೆ ಸೇರಿದವರು 200 ಗಂಟೆ ಮುಗಿಸಲು ಎಷ್ಟು ವರ್ಷ ತೆಗೆದುಕೊಂಡರು ಎಂದು ಅಲ್ಲೇ ಹೋಗಿ, ಆ ಹುಡುಗರನ್ನೇ ಕೇಳಿ. ನಮ್ಮ ರಾಜ್ಯದ ಸರ್ಕಾರಿ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿದೆ. ನಿಯಮಗಳು ಆಗಾಗ ಬದಲಾಗುತ್ತವೆ, ಸೇರುವ ವರ್ಷದ ನಿಯಮವನ್ನೇ ನೋಡಿ.

ಮೂರನೆಯದು, ಹೊಲ ಮಾರದೆ ಹಾರುವ ದಾರಿಗಳೂ ಇವೆ. ಎನ್‌ಸಿಸಿಯ ವಾಯುದಳದಲ್ಲಿ ಸೇರಿದ ಕಾಲೇಜು ಮಕ್ಕಳನ್ನು ಮೈಕ್ರೋಲೈಟ್ ಎಂಬ ಎರಡು ಆಸನದ ಹಗುರ ವಿಮಾನದಲ್ಲಿ ಹಾರಿಸುತ್ತಾರೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇದ್ದವರು ಅದನ್ನು ಗೆದ್ದು ವಾಯುಪಡೆ ಸೇರಿದರೆ ಹಾರುವುದನ್ನು ಸರ್ಕಾರವೇ ಕಲಿಸುತ್ತದೆ. ಪರೀಕ್ಷೆ ಕಠಿಣ, ಆದರೆ ಅದಕ್ಕೆ ಬೇಕಾದ ಪುಸ್ತಕಗಳ ಬೆಲೆ ಎರಡೆಕರೆಯಷ್ಟಿಲ್ಲ.

ನಾಲ್ಕನೆಯದು, ವಿಮಾನದ ಮೇಲಿನ ಪ್ರೀತಿಗೆ ಪೈಲಟ್ ಕುರ್ಚಿಯೊಂದೇ ಜಾಗವಲ್ಲ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲೇ ಹಾರಿತು. 1958ರಲ್ಲಿ ಹಾರಿದ ‘ಪುಷ್ಪಕ್’ ದೇಶದ ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಕಲಿಯುವವರ ಮೊದಲ ವಿಮಾನವಾಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಎರಡು ಆಸನದ ‘ಹಂಸ’ದ ಹೊಸ ರೂಪ 2021ರ ಸೆಪ್ಟೆಂಬರಿನಲ್ಲಿ ಮೊದಲ ಬಾರಿ ಹಾರಿತು. ಇವುಗಳ ಹಿಂದೆ ರೆಕ್ಕೆ ಲೆಕ್ಕ ಹಾಕಿದವರು, ಎಂಜಿನ್ ಬಿಚ್ಚಿ ಜೋಡಿಸಿದವರು, ಗಾಳಿಯ ಹದ ಹೇಳುವವರು ಸಾವಿರಾರು ಜನ. ಫೂಟ್ ಅವರು ಸೇರಿದ ಸರ್ವೇಕ್ಷಣೆಗೂ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಿದೆ. ಭೂವಿಜ್ಞಾನದ ಎಂ.ಎಸ್ಸಿ. ಓದಿದವರು ಬರೆಯಬಹುದು. ಗಣಿಗಳ ನಾಡಿನ ಮಕ್ಕಳಿಗೆ ನೆಲದ ಓದು ದೂರದ ಮಾತಾಗಬಾರದು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಪ್ಪನ ಕಡೆ ತಿರುಗಿ, “ಅಪ್ಪಾ, ಹೊಲ ಮಾರೋದು ಬ್ಯಾಡ. ಮೊದಲು ಕಣ್ಣು ಪರೀಕ್ಷೆ ಮಾಡಿಸೋಣ. ರಕ್ಷಣಾ ಅಕಾಡೆಮಿಗೆ ಅರ್ಜಿ ಹಾಕ್ತೀನಿ” ಎಂದ. ಅಪ್ಪನೂ ಒಂದು ಹೆಜ್ಜೆ ಇಳಿದರು. “ಹುಚ್ಚು ಅಂದಿದ್ದು ತಪ್ಪಾತಪ್ಪಾ. ಪರೀಕ್ಷೆ ಬರಿ. ಆಗಲಿಲ್ಲಂದ್ರೆ ಆಮ್ಯಾಲೆ ಕೂತು ಮಾತಾಡೋಣ.”

ಇಷ್ಟಕ್ಕೆ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಪರೀಕ್ಷೆ ಬರೆಯುವವರು ಲಕ್ಷಾಂತರ, ಗೆಲ್ಲುವವರು ನೂರಾರು. ಮುಂದಿನ ವರ್ಷ ಆ ಬಣ್ಣದ ಪುಸ್ತಕದವನು ಮತ್ತೆ ಬರಬಹುದು. ಆದರೆ ಮೂರು ದಿನ ಮಾತಿಲ್ಲದ ಮನೆಯಲ್ಲಿ ಮಾತು ಹತ್ತಿತು. ಅಪ್ಪನಿಗೆ ಗೊತ್ತಿರುವುದು ಪುಸ್ತಕದಲ್ಲಿಯೂ ಇದೆ ಎಂದು ಮಗನಿಗೆ ತಿಳಿಯಿತು, ಮಗ ಮೇಲೆ ನೋಡುವುದು ಬರೀ ಹಗಲುಗನಸಲ್ಲ ಎಂದು ಅಪ್ಪನಿಗೆ.

ಹೊರಡುವ ಹೊತ್ತಿಗೆ ತಂಗಿ ಬೂದಿದಿಬ್ಬದ ಮೇಲೆ ನಿಂತು ಆಕಾಶ ನೋಡುತ್ತಿದ್ದಳು. ಕೈಯಲ್ಲಿದ್ದ ಗಟ್ಟಿಯನ್ನು ಇದ್ದ ಜಾಗದಲ್ಲೇ ಇಟ್ಟು ಬಾ ಎಂದೆ, ಇಟ್ಟು ಬಂದಳು. ಬೈಕ್ ಹತ್ತುವ ಮೊದಲು ಮೆಲ್ಲಗೆ ಕೇಳಿದಳು:

“ಸಾರ್, ಆ ರಕ್ಷಣಾ ಅಕಾಡೆಮಿ ಹುಡುಗರಿಗೆ ಅಷ್ಟೇನಾ?”

ಅಲ್ಲ, 2022ರಿಂದ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ ಎಂದೆ. ಅಪ್ಪ ಬೈಕಿನ ಕಿಕ್ ಹೊಡೆಯಲು ಎತ್ತಿದ ಕಾಲನ್ನು ಕೆಳಗಿಟ್ಟು ಮಗಳ ಮುಖ ನೋಡಿದರು. ಅವಳು ಆಗಲೇ ಹಿಂದೆ ಕುಳಿತು, “ನಡೀರಿ, ನನಗಿನ್ನೂ ಮೂರು ವರ್ಷ ಐತೆ” ಎಂದಳು.